ಮಾಜುಲಿಯ ಸುತ್ತ ಒಡ್ಡು ಕಟ್ಟಿದರೆ ಸಾಕೇ?

ಪ್ರಶ್ನೆ: ಅಸ್ಸಾಮಿನ ಮಾಜುಲಿ ನಡುಗಡ್ಡೆಗೆ ವರ್ಷವೂ ಬ್ರಹ್ಮಪುತ್ರದ ನೀರು ನುಗ್ಗುತ್ತದೆ. ಜನ ಶತಮಾನಗಳಿಂದ ಅಲ್ಲಿ ಹೇಗೆ ಬದುಕಿದ್ದಾರೆ? ಸುತ್ತಲೂ ಎತ್ತರದ ಒಡ್ಡು ಕಟ್ಟಿದರೆ ಕಷ್ಟ ತೀರುವುದಿಲ್ಲವೇ?

ಉತ್ತರ: ತೀರುವುದಿಲ್ಲ. ಮಾಜುಲಿಯನ್ನು ತಿನ್ನುತ್ತಿರುವುದು ದಡದ ಕೊರೆತ. ಅದನ್ನು ತಡೆಯುವುದು ಒಡ್ಡಿನ ಕೈಲಾಗದು.

ಇದು ಮೊದಲು ಬ್ರಹ್ಮಪುತ್ರ ಮತ್ತು ಬುರಿದಿಹಿಂಗ್ ನದಿಗಳ ನಡುವಿನ ಉದ್ದನೆಯ ನೆಲದ ಪಟ್ಟಿಯಾಗಿತ್ತು. 17ನೇ ಶತಮಾನದ ಭೂಕಂಪಗಳ ನಂತರ, 1750ರ ಮಹಾನೆರೆಯಲ್ಲಿ ಬ್ರಹ್ಮಪುತ್ರ ದಕ್ಷಿಣದ ಬುರಿದಿಹಿಂಗ್ ಪಾತ್ರಕ್ಕೆ ಹೊರಳಿತು ಎನ್ನುತ್ತಾರೆ ಇತಿಹಾಸಕಾರರು. ಉತ್ತರದಲ್ಲಿ ಉಳಿದ ಹಳೆಯ ಪಾತ್ರವೇ ಇಂದಿನ ಖೇರ್ಕುಟಿಯಾ ಸುತಿ ಎಂಬ ಕವಲು; ಎರಡರ ನಡುವಿನ ನೆಲ ನಡುಗಡ್ಡೆಯಾಯಿತು. ಅಸ್ಸಾಮಿನ ವೈಷ್ಣವ ಸಂತರಾದ ಶಂಕರದೇವ, ಮಾಧವದೇವರು ಭೇಟಿಯಾದದ್ದು ಈ ನೆಲದಲ್ಲೇ, 16ನೇ ಶತಮಾನದಲ್ಲಿ. ಆಮೇಲೆ ವೈಷ್ಣವ ಸತ್ರಗಳು, ಅಂದರೆ ಮಠಗಳು, ಬೆಳೆದವು. ಔನಿಆಟಿ ಸತ್ರ 1653ರದ್ದು. ಬೆಟ್ಟಸೀಮೆಯಿಂದ ಇಳಿದು ಬಂದ ಮಿಸಿಂಗ್ ಜನ ಹೊಳೆಯಂಚಿನಲ್ಲೇ ಊರು ಕಟ್ಟಿದರು.

1950ರ ಆಗಸ್ಟ್ 15ರ ಭೂಕಂಪ (ತೀವ್ರತೆ 8.6) ಎಲ್ಲವನ್ನೂ ಬದಲಿಸಿತು. ಗುಡ್ಡಗಳು ಕುಸಿದು ನದಿಗೆ ಅಪಾರ ಹೂಳು ಬಂತು, ತಳ ಮೇಲೆದ್ದಿತು, ನೀರು ಅಗಲಕ್ಕೆ ಹರಡಿ ದಡಕ್ಕೆ ಬಾಯಿ ಹಾಕಿತು. ಒಂದು ಕಾಲಕ್ಕೆ ಸಾವಿರ ಚದರ ಕಿ.ಮೀ. ಮೀರಿದ್ದ ನಡುಗಡ್ಡೆ ಈಗ ಸುಮಾರು ಅರ್ಧವಾಗಿದೆ. ಹಲವು ಸತ್ರಗಳು ಹೊಳೆಯಾಚೆಗೆ ಎದ್ದು ಹೋಗಬೇಕಾಯಿತು.

ಇಲ್ಲಿಯ ದಡ ನುಣುಪು ಮರಳು, ಗೋಡು ಬೆರೆತದ್ದು. ಅದು ಹೆಚ್ಚಾಗಿ ಕುಸಿಯುವುದು ನೀರು ಏರುವಾಗಲ್ಲ, ಇಳಿಯುವಾಗ. ನೆರೆಯಲ್ಲಿ ನೀರು ಕುಡಿದ ಮಣ್ಣಿಗೆ ಹೊಳೆಯ ನೀರೇ ಆಸರೆಯಾಗಿರುತ್ತದೆ. ಹೊಳೆ ಥಟ್ಟನೆ ಇಳಿದರೆ ಆ ಆಸರೆ ತಪ್ಪುತ್ತದೆ. ಒಳಗಿನ ನೀರು ಮರಳನ್ನೂ ಎಳೆದುಕೊಂಡು ಹೊರಬರುತ್ತದೆ; ಬುಡ ಟೊಳ್ಳಾಗಿ ಮೇಲಿನ ಹೋಳು ಹಾಗೆಯೇ ಕಳಚಿ ಬೀಳುತ್ತದೆ. ಮೇಲೆ ಒಡ್ಡಿದ್ದರೆ ಅದೂ ಜೊತೆಗೇ. ಒಡ್ಡು ಒಡೆದ ಕಡೆ ನೀರಿನ ರಭಸಕ್ಕೆ ಗದ್ದೆಗಳ ಮೇಲೆ ಮರಳು ಹಾಸುತ್ತದೆ. ಒಡೆಯದೆ ಉಳಿದರೆ ಹೊಲಕ್ಕೆ ಮೆಕ್ಕಲು ಬರುವುದಿಲ್ಲ, ತೂಬು ಕೆಟ್ಟರೆ ಮಳೆನೀರು ಒಳಗೇ ನಿಂತು ಕೊಳೆಯುತ್ತದೆ. ಒಡ್ಡು ಬೇಕೇ ಬೇಕೆಂದಾದರೆ ದಡದಿಂದ ಸಾಕಷ್ಟು ಹಿಂದೆ ಸರಿಸಿ ಕಟ್ಟಬೇಕು.

ದಡದ ಹೊಣೆ 2004ರಿಂದ ಕೇಂದ್ರ ಸರ್ಕಾರದ ಬ್ರಹ್ಮಪುತ್ರ ಮಂಡಳಿಯದು. ಅಲ್ಲಿ ಕಾಣುವ ‘ಮುಳ್ಳುಹಂದಿ’ ಎಂದರೆ ಆರು ಕಾಂಕ್ರೀಟ್ ಕಂಬಗಳನ್ನು ಬೋಲ್ಟ್ ಹಾಕಿ ಜೋಡಿಸಿದ ಚೌಕಟ್ಟು. ಒಂದೊಂದು ಕಂಬ ಸಾಮಾನ್ಯವಾಗಿ 3 ಮೀಟರ್ ಉದ್ದ, 15 ಸೆಂ.ಮೀ. ದಪ್ಪ. ಇವು ನೀರನ್ನು ತಡೆಯುವುದಿಲ್ಲ, ವೇಗ ತಗ್ಗಿಸುತ್ತವೆ. ನಿಧಾನವಾದ ನೀರು ಹೂಳನ್ನು ಅಲ್ಲೇ ಬಿಡುತ್ತದೆ. ಹೂಳಿಲ್ಲದ ಹೊಳೆಯಲ್ಲಿ ಇವಕ್ಕೆ ಕೆಲಸವಿಲ್ಲ. ಸಾಲಾಗಿ ಇಟ್ಟ ಇವುಗಳ ಹೊಳೆಕಡೆಯ ತುದಿಯಲ್ಲಿ ತಳ ಕೊರೆದರೆ ಇಡೀ ಸಾಲೇ ಉರುಳುತ್ತದೆ, ಹಾಗಾಗಿ ಪ್ರತಿ ಮಳೆಗಾಲದ ಮೇಲೂ ಅಲ್ಲಿ ಆಳ ಅಳೆಯಲೇಬೇಕು.

ಪ್ರಶ್ನೆ: ಮಿಸಿಂಗರ ಕಂಬದ ಮನೆಯನ್ನು ನಮ್ಮ ಕೃಷ್ಣಾ ತೀರದಲ್ಲೂ ಕಟ್ಟಬಹುದೇ?

ಉತ್ತರ: ತತ್ವ ತನ್ನಿ, ನಕಲು ಬೇಡ. ಮಿಸಿಂಗರ ‘ಚಾಂಗ್ ಘರ್’ನಲ್ಲಿ ಸೀಳು ಬಿದಿರಿನ ನೆಲ ಆಳೆತ್ತರದ ಆಸುಪಾಸಿನಲ್ಲಿರುತ್ತದೆ. ನೆರೆಯ ಮಟ್ಟ ಏರಿದರೆ ಅದನ್ನು ಬಿಚ್ಚಿ ಕಂಬಕ್ಕೆ ಮೇಲೆ ಕಟ್ಟುತ್ತಾರೆ. ಕೆಳಗೆ ಗೋಡೆ ಇಲ್ಲದಿರುವುದೇ ಜಾಣತನ: ಒಂದು ಮೀಟರ್ ಆಳದ ನಿಂತ ನೀರು ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 500 ಕಿಲೋ ಭಾರದಷ್ಟು ಒತ್ತುತ್ತದೆ. ಆದ್ದರಿಂದ ಕಂಬಗಳ ನಡುವೆ ಇಟ್ಟಿಗೆ ಕಟ್ಟಿ ಕೋಣೆ ಮಾಡಲೇಬೇಡಿ. ಊರಿನ ಹಿರಿಯರು ತೋರಿಸುವ ಅತಿ ಎತ್ತರದ ನೀರಿನ ಗುರುತಿಗಿಂತ ಎರಡಡಿ ಮೇಲೆ ನೆಲವಿರಲಿ. ಶೌಚಾಲಯ, ಬೋರ್‌ವೆಲ್ ಬಾಯಿ ಕೂಡ.

ತೊಡಕಿರುವುದು ಕೃಷ್ಣಾ ತೀರದ ಎರೆಮಣ್ಣಿನಲ್ಲಿ. ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಬಿರಿಯುವ ಈ ಮಣ್ಣಿನಲ್ಲಿ ಮೇಲುಮೇಲಕ್ಕೆ ಹೂತ ಕಂಬ ಕೆಲವೇ ವರ್ಷಗಳಲ್ಲಿ ವಾಲುತ್ತದೆ. ಬುಡದಲ್ಲಿ ಉಬ್ಬಿರುವ ಕಾಂಕ್ರೀಟ್ ಕಂಬವನ್ನು ಸುಮಾರು 3.5 ಮೀಟರ್ ಆಳಕ್ಕೆ, ಮಣ್ಣು ಅಲುಗದ ಪದರದವರೆಗೆ ಇಳಿಸಿ, ಮೇಲೆ ತೊಲೆಗಳಿಂದ ಬಿಗಿಯಬೇಕು. ತೊಲೆಯ ಅಡಿಗೂ ನೆಲಕ್ಕೂ ನಡುವೆ ಸಂದು ಬಿಡುವುದನ್ನು ಮೇಸ್ತ್ರಿಗೆ ಮುಂಚೆಯೇ ಹೇಳಿಡಿ.