ಪ್ರತಿಕ್ರಿಯೆ: ಸೈನ್ಯ ಹೆಚ್ಚಿಸುವಾಗಲೇ ವಾಪಸಾತಿಯ ದಿನ ಹೇಳಿದ್ದೇಕೆ?

ಅಫ್ಘಾನಿಸ್ತಾನಕ್ಕೆ ಇನ್ನೂ 30,000 ಸೈನಿಕರನ್ನು ಕಳಿಸುತ್ತೇನೆ ಎಂದ ಬಾಯಲ್ಲೇ ಒಬಾಮ ವಾಪಸಾತಿಯ ತಿಂಗಳನ್ನೂ ಹೇಳಿದ್ದು ಪೆದ್ದುತನವಲ್ಲವೇ ಅಂತ ಕೇಳಿದ್ದೀರಿ. ರಣರಂಗದ ಲೆಕ್ಕದಲ್ಲಿ ಹೌದು, ತಾಲಿಬಾನ್ ಸುಮ್ಮನೆ ಕಾದು ಕೂತರೂ ಸಾಕಿತ್ತು. ಆದರೆ ಆ ಮಾತು ತಾಲಿಬಾನಿಗಿಂತ ಹೆಚ್ಚಾಗಿ ಕಾಬೂಲ್ ಸರ್ಕಾರಕ್ಕೂ ಅಮೆರಿಕದ ಮತದಾರರಿಗೂ ಹೇಳಿದ್ದು.

2009ರ ಸೆಪ್ಟೆಂಬರಿನಲ್ಲಿ ಅಫ್ಘಾನಿಸ್ತಾನದಲ್ಲಿ ಅಮೆರಿಕ ಮತ್ತು ಮಿತ್ರಪಡೆಗಳ ದಂಡನಾಯಕರಾಗಿದ್ದ ಜನರಲ್ ಮೆಕ್‌ಕ್ರಿಸ್ಟಲ್ ಅವರ ಗುಪ್ತ ವರದಿ ಪತ್ರಿಕೆಗೆ ಸೋರಿತು. ಅಲ್ಲಿಗೆ ಎಷ್ಟು ಪಡೆ ಕಳಿಸಬೇಕೆಂಬ ಒಳಕೋಣೆಯ ಜಗಳ ಬೀದಿಗೆ ಬಂತು. ಜನರಲ್ ಕೇಳಿದ್ದು ಸುಮಾರು 40,000 ಪಡೆ. ಆಗಿನ ಉಪಾಧ್ಯಕ್ಷ ಬೈಡನ್ ಅಷ್ಟೆಲ್ಲ ಬೇಡ, ಅಲ್ ಖೈದಾವನ್ನು ಬೇಟೆಯಾಡಿದರೆ ಸಾಕು ಎಂದರು. ಕಾಬೂಲಿನಲ್ಲಿದ್ದ ಅಮೆರಿಕದ ರಾಯಭಾರಿ ಐಕೆನ್‌ಬೆರಿಯಂತೂ (ಅವರೂ ಮಾಜಿ ಜನರಲ್ಲೇ, ಅಲ್ಲೇ ಪಡೆ ನಡೆಸಿದವರು) ಆಗಿನ ಅಫ್ಘಾನ್ ಅಧ್ಯಕ್ಷ ಕರ್ಜೈ ಅವರನ್ನು ನೆಚ್ಚಿಕೊಳ್ಳುವಂತಿಲ್ಲ ಎಂದು ಬರೆದು ಕಳಿಸಿದರು. ಡಿಸೆಂಬರ್ 1ರಂದು ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಒಬಾಮ ಭಾಷಣದಲ್ಲಿ ಹೇಳಿದ್ದು ಈ ಎಳೆದಾಟದ ರಾಜಿಸೂತ್ರ: ಪಡೆ ಹೋಗುತ್ತದೆ, 2011ರ ಜುಲೈಯಿಂದ ಮರಳತೊಡಗುತ್ತದೆ.

ನನ್ನ ಕೇಳಿದರೆ ದಿನಾಂಕಕ್ಕಿಂತ ದೊಡ್ಡ ತಪ್ಪು ಬೇರೆಡೆ ಇತ್ತು. 2010ರ ಫೆಬ್ರುವರಿಯಲ್ಲಿ ಹೆಲ್ಮಂಡ್ ಪ್ರಾಂತ್ಯದಲ್ಲಿ ತಾಲಿಬಾನ್ ಹಿಡಿತದಲ್ಲಿದ್ದ ಮಾರ್ಜಾಕ್ಕೆ ಪಡೆ ನುಗ್ಗಿತು. ಸರ್ಕಾರವನ್ನು ಪೆಟ್ಟಿಗೆಯಲ್ಲೇ ತಂದಿದ್ದೇವೆ, ಇಳಿಸುವುದಷ್ಟೇ ಬಾಕಿ ಎಂಬ ಧಾಟಿ ಮೆಕ್‌ಕ್ರಿಸ್ಟಲ್ ಅವರದು. ಊರು ಬೇಗ ಕೈಗೆ ಬಂತು, ಆದರೆ ಆಡಳಿತ ನಡೆಸಬಲ್ಲ ಅಧಿಕಾರಿಗಳೇ ಸಾಲಲಿಲ್ಲ. ರಾತ್ರಿಯಾದರೆ ತಾಲಿಬಾನಿನ ಬೆದರಿಕೆ. ಮೇ ತಿಂಗಳಿಗೆ ಅದೇ ಜನರಲ್ ಮಾರ್ಜಾವನ್ನು ರಕ್ತ ಸೋರುವ ಹುಣ್ಣು ಎಂದರು.