ಆರ್ಕನ್ಸಾ ಎಂಬ ಹೆಸರು ಯಾರದು?

ಪ್ರಶ್ನೆ: ನನ್ನ ಮಗಳು ಅಮೆರಿಕದ ಆರ್ಕನ್ಸಾ ರಾಜ್ಯದ ಬೆಂಟನ್‌ವಿಲ್‌ನಲ್ಲಿ ನೆಲೆಸಿದ್ದಾಳೆ. ಕಳೆದ ವರ್ಷ ಅಲ್ಲಿಗೆ ಹೋಗಿದ್ದಾಗ ಲಿಟಲ್ ರಾಕ್ ನಗರದ ಹಳೆಯ ಬಡಾವಣೆಯೊಂದಕ್ಕೆ ‘ಕ್ವಾಪಾ’ ಎಂಬ ಹೆಸರಿರುವುದನ್ನು ಕಂಡೆ. ಅದು ಅಲ್ಲಿನ ಮೂಲನಿವಾಸಿಗಳ ಹೆಸರಂತೆ. ಆ ಜನ ಯಾರು, ಹೇಗೆ ಬದುಕುತ್ತಿದ್ದರು, ಈಗ ಎಲ್ಲಿದ್ದಾರೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬಡಾವಣೆಯ ಹೆಸರು ಹಾಗಿರಲಿ, ಆ ರಾಜ್ಯದ ಹೆಸರೇ ಈ ಜನರಿಂದ ಬಂದದ್ದು. ಕ್ವಾಪಾ ಜನ ತಮ್ಮನ್ನು ‘ಉಗಾಖ್ಪಾ’ ಎಂದು ಕರೆದುಕೊಳ್ಳುತ್ತಾರೆ; ಹೊಳೆ ಹರಿಯುವ ದಿಕ್ಕಿನಲ್ಲಿ ಕೆಳಕ್ಕೆ ಹೋದವರು ಎಂಬುದು ಅದರ ಅರ್ಥ. ಓಮಾಹಾ, ಪೋಂಕಾ, ಓಸೇಜ್ ಮತ್ತು ಕಾಂಸಾ ಜನರು ಇವರ ಭಾಷಾಬಂಧುಗಳು. ಎಲ್ಲರೂ ಹಿಂದೆ ಒಂದೇ ಜನವಾಗಿದ್ದು, ಓಹಾಯೋ ನದಿಯ ಗುಂಟ ಪಶ್ಚಿಮಕ್ಕೆ ಬಂದು ಮಿಸಿಸಿಪ್ಪಿಯನ್ನು ಮುಟ್ಟಿದಾಗ ಕೆಲವರು ಪ್ರವಾಹಕ್ಕೆ ಎದುರಾಗಿ ಮೇಲಕ್ಕೂ ಕೆಲವರು ಅದರ ಜೊತೆಗೆ ಕೆಳಕ್ಕೂ ಹೋದರೆಂದು ಅವರ ಐತಿಹ್ಯ ಹೇಳುತ್ತದೆ. ಓಮಾಹಾ ಎಂಬ ಹೆಸರಿಗೆ ಮೇಲಕ್ಕೆ ಹೋದವರು ಎಂಬ ಅರ್ಥವಿರುವುದರಿಂದ ಈ ಎರಡು ಹೆಸರುಗಳು ಒಂದೇ ಕಥೆಯ ಎರಡು ತುದಿಗಳಂತಿವೆ. ಇಲಿನಾಯ್ ಎಂಬ ಮೂಲನಿವಾಸಿ ಜನರು ತಮ್ಮ ಭಾಷೆಯಲ್ಲಿ ಇವರನ್ನು ‘ಅಕಾನ್ಸಾ’ ಎನ್ನುತ್ತಿದ್ದರು. ಫ್ರೆಂಚರು ಕೇಳಿ ಬರೆದುಕೊಂಡದ್ದು ಈ ರೂಪವನ್ನೇ, ನದಿಗೂ ರಾಜ್ಯಕ್ಕೂ ಅದೇ ನಿಂತಿತು. (ಇಂಗ್ಲಿಷ್ ಬರಹದಲ್ಲಿರುವ ಕೊನೆಯ ‘ಸ್’ ಅನ್ನು ಉಚ್ಚರಿಸಬಾರದೆಂದು ಅಲ್ಲಿನ ಶಾಸನಸಭೆ 1881ರಲ್ಲಿ ನಿರ್ಣಯವನ್ನೇ ಮಾಡಬೇಕಾಯಿತು!)

1673ರಲ್ಲಿ ಮಾರ್ಕೆಟ್ ಎಂಬ ಫ್ರೆಂಚ್ ಪಾದ್ರಿ ಮತ್ತು ಜೋಲಿಯೆ ಎಂಬ ವ್ಯಾಪಾರಿ ದೋಣಿಯಲ್ಲಿ ಮಿಸಿಸಿಪ್ಪಿಯನ್ನು ಇಳಿದು ಇವರ ಹಳ್ಳಿಗೆ ಬಂದರು. ಪಾದ್ರಿ ಬರೆದಿಟ್ಟ ವಿವರಗಳಲ್ಲಿ ಆ ಕಾಲದ ಮನೆಬಾಳು ಚೆನ್ನಾಗಿ ಕಾಣುತ್ತದೆ. ಮರದ ತೊಗಟೆ ಹೊದಿಸಿದ ಉದ್ದನೆಯ ಮನೆಗಳಲ್ಲಿ ಹಲವು ಕುಟುಂಬಗಳು ಕೂಡಿ ಬಾಳುತ್ತಿದ್ದವು. ನೆಲದಿಂದ ಎರಡಡಿ ಎತ್ತರದ ಜಗಲಿಗಳ ಮೇಲೆ ಮಲಗುತ್ತಿದ್ದರು. ಮೆಕ್ಕೆಜೋಳವನ್ನು ಗಳುಗಳಿಂದ ಹೆಣೆದ ದೊಡ್ಡ ಬುಟ್ಟಿಗಳಲ್ಲಿ, ಇಲ್ಲವೇ ಅರೆ ಪೀಪಾಯಿಯಷ್ಟು ದೊಡ್ಡ ಸೋರೆ ಬುರುಡೆಗಳಲ್ಲಿ ತುಂಬಿಡುತ್ತಿದ್ದರು. ನಮ್ಮ ಹಳ್ಳಿಗಳ ವಾಡೆ, ಕಣಜಗಳನ್ನು ಬಲ್ಲವರಿಗೆ ಈ ಸೋರೆ ಬುರುಡೆಯ ಗಾತ್ರ ಅಚ್ಚರಿ ಹುಟ್ಟಿಸದಿರದು. ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳದ ಬೇಸಾಯ ಹೆಂಗಸರದು. ಜಿಂಕೆ ಮತ್ತು ಬೈಸನ್ ಬೇಟೆ ಗಂಡಸರದು. ಸಮಾಜವು ಆಕಾಶದ ಪಂಗಡ ಮತ್ತು ಭೂಮಿಯ ಪಂಗಡ ಎಂದು ಎರಡಾಗಿ ವಿಂಗಡವಾಗಿದ್ದು, ಮಕ್ಕಳು ತಂದೆಯ ಕುಲಕ್ಕೆ ಸೇರುತ್ತಿದ್ದರು. ಪರಸ್ಥಳದಿಂದ ಬಂದವರೊಡನೆ ಸ್ನೇಹ ಕುದುರಿತೆಂಬುದಕ್ಕೆ ಅಲಂಕರಿಸಿದ ಉದ್ದನೆಯ ಚಿಲುಮೆಯಲ್ಲಿ ಹೊಗೆಸೊಪ್ಪು ಸೇದುವುದೇ ಸಾಕ್ಷಿ. ಚರ್ಮದ ಮೇಲೆ ಚಿತ್ರ ಬರೆಯುವುದರಲ್ಲಿಯೂ ಇವರು ನುರಿತವರು. ತಮ್ಮ ಹಳ್ಳಿಗಳನ್ನು ಚಿತ್ರಿಸಿದ ಹದಿನೆಂಟನೇ ಶತಮಾನದ ಒಂದು ಹೊದಿಕೆ ಇಂದಿಗೂ ಪ್ಯಾರಿಸ್‌ನ ವಸ್ತುಸಂಗ್ರಹಾಲಯದ ಸ್ವತ್ತಾಗಿದೆ.

ಫ್ರೆಂಚರ ಸ್ನೇಹದ ಜೊತೆಗೆ ಸಿಡುಬೂ ಬಂದಿತು. 1690ರ ದಶಕದ ಕೊನೆಯಲ್ಲಿ ಅದು ಹಳ್ಳಿಗಳನ್ನೇ ಬರಿದು ಮಾಡಿತು. ಮುಂದೆ ಅಮೆರಿಕ ಸರ್ಕಾರ 1818ರ ಒಪ್ಪಂದದಲ್ಲಿ ಸುಮಾರು 3 ಕೋಟಿ ಎಕರೆಯನ್ನು, ಎಂದರೆ ಕರ್ನಾಟಕದ ಮೂರರಲ್ಲಿ ಎರಡು ಪಾಲಿನಷ್ಟು ನೆಲವನ್ನು, 4,000 ಡಾಲರ್ ಬೆಲೆಯ ಸರಕು ಮತ್ತು ವರ್ಷಕ್ಕೆ 1,000 ಡಾಲರ್ ಬೆಲೆಯ ಸರಕಿಗೆ ಪಡೆದುಕೊಂಡಿತು. ಅವರಿಗೆ ಉಳಿಸಿದ ನೆಲದ ಗಡಿರೇಖೆ ಹೊರಡುತ್ತಿದ್ದುದು ನೀವು ನೋಡಿದ ಲಿಟಲ್ ರಾಕ್‌ಗೆ ಹೆಸರು ಕೊಟ್ಟ ನದೀತೀರದ ಬಂಡೆಯಿಂದಲೇ. ಆರೇ ವರ್ಷಗಳಲ್ಲಿ ಅದೂ ಹೋಯಿತು. ನಾಯಕ ಹೆಕಾಟನ್ ತಮ್ಮ ಪೂರ್ವಿಕರ ನೆಲದಲ್ಲಿಯೇ ಇರಗೊಡಿರೆಂದು ಬೇಡಿಕೊಂಡರೂ ಫಲವಾಗಲಿಲ್ಲ. 1826ರಲ್ಲಿ ಅವರನ್ನು ಲೂಸಿಯಾನಾದ ರೆಡ್ ನದಿಯ ಬಳಿ ಕ್ಯಾಡೊ ಜನರ ನಡುವೆ ಬಿಟ್ಟಾಗ ನೆರೆ ಬಂದು ಬೆಳೆ ಕೊಚ್ಚಿಹೋಯಿತು. ಹಸಿದವರಲ್ಲಿ ಕೆಲವರನ್ನು ಸಾರಸೆನ್ ಎಂಬ ಮುಖಂಡ ಆರ್ಕನ್ಸಾಕ್ಕೆ ಮರಳಿ ಕರೆತಂದ. ಕೊನೆಗೆ 1833ರ ಒಪ್ಪಂದದಂತೆ ಇಂದಿನ ಓಕ್ಲಹೋಮಾದ ಈಶಾನ್ಯ ಮೂಲೆಯಲ್ಲಿ ಅವರಿಗೆ 96,000 ಎಕರೆ ದೊರೆಯಿತು.

ಎಲ್ಲರ ಕೂಡುಸ್ವತ್ತಾದ ನೆಲವನ್ನು ಸರ್ಕಾರ ಒಬ್ಬೊಬ್ಬರಿಗೆ ಹಂಚಲೆಂದು ಕಾದು ಕೂರದೆ, 1893ರಲ್ಲಿ ತಾವೇ ತಲಾ 200 ಎಕರೆಯಂತೆ ಹಂಚಿಕೊಂಡದ್ದು ಇವರ ಜಾಣತನ. ಆದರೆ ಆ ನೆಲದಡಿ ಸೀಸ ಮತ್ತು ಸತುವಿನ ಅದಿರು ದೊರೆತು, ದಶಕಗಳ ಗಣಿಗಾರಿಕೆಯ ಬಳಿಕ ಉಳಿದದ್ದು ವಿಷದ ಕಲ್ಲುಪುಡಿಯ ಗುಡ್ಡೆಗಳು. ಗಣಿಯೂರಾದ ಪಿಚರ್ ಇಂದು ಖಾಲಿಯಾಗಿದೆ. ಆ ಗುಡ್ಡೆಗಳನ್ನು ತೆರವು ಮಾಡುವ ಕೆಲಸವನ್ನು ಕ್ವಾಪಾ ಜನರೇ ವಹಿಸಿಕೊಂಡಿದ್ದಾರೆ.

ಮಗಳ ಮನೆಯಿಂದ ಕ್ವಾಪಾ ಪಟ್ಟಣಕ್ಕೆ ಕಾರಿನಲ್ಲಿ ಎರಡು ಗಂಟೆಯೂ ಹಿಡಿಯದು. ಮತ್ತೆ ಹೋದಾಗ ಜುಲೈ 4ರ ಆಸುಪಾಸಿನಲ್ಲಿ ಹೋಗಿ. ಅವರ ವಾರ್ಷಿಕ ಕುಣಿತದ ಕೂಟ ನಡೆಯುವುದು ಆಗಲೇ. ಹತ್ತಿರದಲ್ಲಿ ಅವರದೇ ಆದ ದೊಡ್ಡ ಕ್ಯಾಸಿನೊ ಹೋಟೆಲೊಂದಿದೆ. ಅದರ ಫಲಕದಲ್ಲಿರುವ ‘ಡೌನ್‌ಸ್ಟ್ರೀಮ್’ ಎಂಬ ಹೆಸರು ಉಗಾಖ್ಪಾ ಎಂಬುದರ ಇಂಗ್ಲಿಷ್ ಅನುವಾದವಷ್ಟೆ. 2020ರಲ್ಲಿ ಆರ್ಕನ್ಸಾದ ಪೈನ್ ಬ್ಲಫ್‌ನಲ್ಲಿ ಅವರು ಇನ್ನೊಂದನ್ನು ತೆರೆದರು. ಅದಕ್ಕೆ ಇಟ್ಟ ಹೆಸರು ಸಾರಸೆನ್.