ಊರಿನ ಯುವಕ ಸಂಘಕ್ಕೆ ಒಳಾಂಗಣ ಕ್ರೀಡಾಂಗಣ ಕಟ್ಟಿಸಲು ಹಣವನ್ನು ಎಲ್ಲಿಂದ ಹೊಂದಿಸಬೇಕು?

ಹಾವೇರಿ ಜಿಲ್ಲೆಯ ನಿಮ್ಮ ಊರಿಗೆ ದಾನಿಗಳೊಬ್ಬರು ಒಳಾಂಗಣ ಕ್ರೀಡಾಂಗಣ ಕಟ್ಟಿಸಿಕೊಡಲು ಮುಂದೆ ಬಂದಿದ್ದಾರೆ, ಕಡಿಮೆ ಬೀಳುವ ಹಣವನ್ನು ಎಲ್ಲಿಂದ ತರಬೇಕು, ಅನುದಾನ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಗದಗ ಜಿಲ್ಲೆಯ ರೋಣ ತಾಲ್ಲೂಕಿನ ನಮ್ಮ ಸಂಘವೂ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡಿತ್ತು. ನಾನು ಆಗ ಅದರ ಕಾರ್ಯದರ್ಶಿ. ಹುಬ್ಬಳ್ಳಿಯಲ್ಲಿ ವ್ಯಾಪಾರ ಮಾಡಿಕೊಂಡಿದ್ದ ನಮ್ಮೂರಿನ ಹಿರಿಯರೊಬ್ಬರು ತಾಯಿಯವರ ಹೆಸರಿನಲ್ಲಿ ಷಟಲ್ ಆಡುವ ಹಾಲ್ ಕಟ್ಟಿಸಲು ದೊಡ್ಡ ಮೊತ್ತವನ್ನೇ ಕೊಟ್ಟರು. ಅದು ಸಾಲದಾದಾಗ ಊರಲ್ಲಿ ಪಟ್ಟಿ ಎತ್ತಿದೆವು. ಬಂದದ್ದನ್ನೆಲ್ಲ ಕಟ್ಟಡಕ್ಕೇ ಸುರಿದೆವು, ನಿರ್ವಹಣೆಗೆಂದು ಏನನ್ನೂ ಉಳಿಸಲಿಲ್ಲ. ನಾವು ಮಾಡಿದ ತಪ್ಪು ಇದೊಂದೇ, ಆದರೆ ಹಾಲ್ ಕೈಬಿಟ್ಟು ಹೋಗಲು ಅದೇ ಸಾಕಾಯಿತು. ಅದು ಹೇಗಾಯಿತೆಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ನಮ್ಮದು ಎರೆಭೂಮಿ. ಎರೆ ಮಣ್ಣು ನೀರು ಕುಡಿದರೆ ನೆನೆಹಾಕಿದ ಕಡಲೆಯಂತೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಅಂಗೈ ತೂರುವಷ್ಟು ಬಿರಿಯುತ್ತದೆ. ಇಂಜಿನಿಯರರು ಇದನ್ನು ಬಲ್ಲವರಾಗಿದ್ದರಿಂದ ಅಂಕಣದ ಕೆಳಗಿನ ಎರೆ ಮಣ್ಣನ್ನು ತೆಗೆಸಿ, ಗರಸು ತುಂಬಿಸಿ, ಪದರಪದರವಾಗಿ ನೀರು ಹೊಡೆದು ರೋಲರ್ ಹಾಯಿಸಿದ್ದರು. ಗೋಡೆಯ ಬುಡದ ಸುತ್ತ ಕಾಂಕ್ರೀಟ್ ಪಟ್ಟಿ, ಅದರಾಚೆ ಗಟಾರು, ತಗಡಿನ ಮೇಲಿನ ಮಳೆನೀರು ಆ ಗಟಾರಿಗೆ ಇಳಿಯಲು ಕೊಳವೆ, ಎಲ್ಲವನ್ನೂ ಮಾಡಿಸಿದ್ದರು. ಬುಡಕ್ಕೆ ನೀರು ತಾಗದಂತೆ ನೋಡಿಕೊಳ್ಳುವುದಷ್ಟೇ ನಮಗೆ ಉಳಿದಿದ್ದ ಕೆಲಸವಾಗಿತ್ತು. ಆದರೆ ಗಟಾರು ಬಳಿಯುವುದು ಯಾರ ಕೆಲಸವೆಂದು ನಾವು ಗೊತ್ತುಮಾಡಿರಲಿಲ್ಲ, ಆ ಕೆಲಸಕ್ಕೆ ಕೂಲಿ ಕೊಡಲು ಸಂಘದ ಖಾತೆಯಲ್ಲಿ ಹಣವೂ ಇರಲಿಲ್ಲ. ಬೇವಿನ ಎಲೆ, ಗುಟಖಾ ಚೀಟಿ, ರಸ್ತೆಯ ಮಣ್ಣು ಸೇರಿ ಗಟಾರು ಹೂಳಿತು. ಕೊಳವೆಯ ಒಂದು ಜಾಯಿಂಟ್ ಕಳಚಿ, ಚಾವಣಿಯ ನೀರು ಒಂದು ಮುಂಗಾರು ಪೂರ್ತಿ ಗೋಡೆಯ ಬುಡಕ್ಕೇ ಬಿದ್ದಿತು. ಆ ಜಾಯಿಂಟಿನ ರಿಪೇರಿ ಸಣ್ಣದು. ಅದನ್ನು ಯಾರ ಕಿಸೆಯಿಂದ ಮಾಡಿಸಬೇಕೆಂಬುದನ್ನು ಪ್ರತಿ ಸಭೆಯಲ್ಲೂ ಮುಂದಿನ ಸಭೆಗೆ ತಳ್ಳಿದೆವು.

ನೀರು ಅಂಚಿನಿಂದ ಒಳಗೆ ನುಸುಳಿದಾಗ ಅಂಚಿನ ನೆಲ ಎದ್ದಿತು, ನಡುವಿನದು ಹಾಗೆಯೇ ಉಳಿಯಿತು. ಮೊದಲು ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡಿತು. ಆಮೇಲೆ ಅಂಕಣದ ಹಿಂದಿನ ಬಿಳಿ ಗೆರೆ ತುಂಡಾಯಿತು. ಬೇಸಿಗೆಯಲ್ಲಿ ಕೆಳಗಿನ ಮಣ್ಣು ಮತ್ತೆ ಕುಗ್ಗಿ ನೆಲದಡಿ ಟೊಳ್ಳಾದಾಗ ಬಿರುಕು ಗೋಡೆಯನ್ನೂ ಏರಿತು. ಓಡುತ್ತ ಆಡುವ ಮಕ್ಕಳ ಕಾಲು ಆ ಅಂಚಿಗೆ ತಾಗಿ ಮುರಿಯುವುದು ಬೇಡವೆಂದು ಆಟ ನಿಲ್ಲಿಸಿದೆವು, ಸುಗ್ಗಿ ಬಂದಾಗ ಅಲ್ಲಿ ಗೋವಿನಜೋಳದ ಚೀಲ ಒಟ್ಟಿದರು. ದಾನಿಗಳು ಒಂದು ಸಲ ಬಂದು ನೋಡಿ, ತಾಯಿಯವರ ಹೆಸರಿನ ಫಲಕದ ಮುಂದೆ ನಿಂತು ಮಾತಾಡದೆ ಹಿಂದಿರುಗಿದರು. ನನಗೆ ಇಂದಿಗೂ ನೋವು ಕೊಡುವುದು ಅದು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಟ್ಟಡದ ಹಣ ಎಲ್ಲಿಂದ ತರಬೇಕು ಎಂಬುದು ಈಗ ಕೇಳಬೇಕಾದ ಪ್ರಶ್ನೆಯಲ್ಲ. ಹಾಲ್ ಬಾಗಿಲು ತೆರೆದ ಮರುತಿಂಗಳಿನಿಂದ ಅದರ ಖರ್ಚನ್ನು ಯಾರು ಹೊರುತ್ತಾರೆ, ಕೀಲಿಕೈ ಯಾರ ಕೈಯಲ್ಲಿರುತ್ತದೆ, ಅವರಿಗೆ ಸಂಬಳ ಯಾರು ಕೊಡುತ್ತಾರೆ ಎಂಬುದನ್ನು ಮೊದಲು ಕೇಳಿ. ಸ್ವಯಂಸೇವಕರು ನೋಡಿಕೊಳ್ಳುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಿತ್ತನೆ ಬಂದರೆ ಅವರು ಹೊಲಕ್ಕೆ ಹೋಗಲೇಬೇಕು, ಕೆಲಸ ಸಿಕ್ಕರೆ ಊರನ್ನೇ ಬಿಡಬೇಕು.

ಒಳಾಂಗಣವೇ ಬೇಕೆ ಎಂಬುದನ್ನೂ ಯೋಚಿಸಿ. 13.4 ಮೀಟರ್ ಉದ್ದ, 6.1 ಮೀಟರ್ ಅಗಲದ ಷಟಲ್ ಅಂಕಣದಲ್ಲಿ ಒಮ್ಮೆಗೆ ಆಡುವವರು ಹೆಚ್ಚೆಂದರೆ ನಾಲ್ವರು. 13ಕ್ಕೆ 10 ಮೀಟರಿನ ಕಬಡ್ಡಿ ಅಂಕಣದಲ್ಲಿ ಹದಿನಾಲ್ವರು ಆಡುತ್ತಾರೆ. ಅದರ ಪಕ್ಕದಲ್ಲೇ 18ಕ್ಕೆ 9ರ ವಾಲಿಬಾಲ್ ಅಂಕಣ, 27ಕ್ಕೆ 16ರ ಖೋ ಖೋ ಅಂಕಣ, ಇವೆಲ್ಲ ಸುತ್ತಲಿನ ಜಾಗವನ್ನೂ ಸೇರಿಸಿ 20 ಗುಂಟೆಯೊಳಗೆ ಹಿಡಿಯುತ್ತವೆ. ಹಾಲ್ ಮುಚ್ಚಿದ ಮೇಲೆ ನಾವು ಮಾಡಿದ್ದು ಇದನ್ನೇ. ಜಾಗ ಪಂಚಾಯ್ತಿಯದು. ಅದಕ್ಕೆ ಬರಿಯ ಠರಾವು ಸಾಲದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ, ಆ ಕಾಗದವಿಲ್ಲದೆ ಒಂದು ಬುಟ್ಟಿ ಗರಸನ್ನೂ ಹಾಕಿಸಬೇಡಿ.

ಮೈದಾನ ಸಿದ್ಧಪಡಿಸುವ ಮೊದಲೇ ನಾವು ಮನೆಮನೆಯಿಂದ ತಿಂಗಳ ವಂತಿಗೆ ಶುರುಮಾಡಿದೆವು. ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದ್ದರು. ಸದಸ್ಯರ ಸಣ್ಣ ಹಣದಿಂದ ಸಂಸ್ಥೆ ನಿಲ್ಲಿಸುವುದು ಈ ಸೀಮೆಗೆ ಹೊಸದೇನಲ್ಲ, ದೊಡ್ಡ ದಾನ ಕಂಡಾಗ ನಾವೇ ಅದನ್ನು ಮರೆತಿದ್ದೆವು. ಪ್ರತಿ ಅಮಾವಾಸ್ಯೆಯ ಸಂಜೆ, ಅಂದು ಎತ್ತು ಹೂಡುವುದಿಲ್ಲವಾದ್ದರಿಂದ ಎಲ್ಲರೂ ಊರಲ್ಲೇ ಇರುತ್ತಾರೆ, ಗುಡಿಯ ಕಟ್ಟೆಯ ಮೇಲೆ ಲೆಕ್ಕದ ವಹಿಯನ್ನು ಗಟ್ಟಿಯಾಗಿ ಓದುತ್ತೇವೆ: ಯಾರ ಮನೆಯಿಂದ ಎಷ್ಟು ಬಂತು, ನೆಟ್ಟಿನ ಹಗ್ಗಕ್ಕೆ ಎಷ್ಟು, ಟ್ಯಾಂಕರ್ ನೀರಿಗೆ ಎಷ್ಟು. ಮೈದಾನದ ಎದುರು ಮನೆಯ ತಾಯಿಯೊಬ್ಬರಿಗೆ ಸಂಬಳ ಕೊಟ್ಟು ಕೀಲಿಕೈ ಒಪ್ಪಿಸಿದ್ದೇವೆ. ಅವರು ಕಣ್ಣೆದುರಿಗೇ ಇರುವುದರಿಂದ ಹೆಣ್ಣುಮಕ್ಕಳನ್ನು ಸಂಜೆಯ ಖೋ ಖೋಗೆ ಕಳಿಸಲು ಮನೆಯವರು ಹಿಂಜರಿಯುವುದಿಲ್ಲ. ಮಳೆಗಾಲಕ್ಕೆ ಮುಂಚೆ ಗಟಾರು ಬಳಿಸುವುದೂ ಅವರ ಹೊಣೆಯೇ.

ಇನ್ನು ನೀವು ಕೇಳಿದ ಅನುದಾನದ ವಿಷಯ. ಕಂಪನಿ ಕಾಯ್ದೆ 2013ರ ಏಳನೇ ಪರಿಶಿಷ್ಟದಲ್ಲಿ ಗ್ರಾಮೀಣ ಕ್ರೀಡೆಗಳ ತರಬೇತಿಯೂ ಸೇರಿರುವುದರಿಂದ ಕಂಪನಿಗಳು ಸಮಾಜದ ಕೆಲಸಕ್ಕೆಂದು ತೆಗೆದಿಡುವ ಸಿಎಸ್‌ಆರ್ ಹಣಕ್ಕೆ ದಾರಿಯಿದೆ. ಆದರೆ ನಿಮ್ಮಂಥ ಸಂಘವು ಆದಾಯ ತೆರಿಗೆ ಇಲಾಖೆಯಿಂದ 12ಎ ಮತ್ತು 80ಜಿ ಎಂದು ಕರೆಯುವ ತೆರಿಗೆ ವಿನಾಯಿತಿಯ ನೋಂದಣಿಗಳನ್ನು ಪಡೆದಿರಬೇಕು, ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಿಎಸ್‌ಆರ್-1 ಅರ್ಜಿ ಸಲ್ಲಿಸಿರಬೇಕು, ಕನಿಷ್ಠ ಮೂರು ವರ್ಷ ಇಂಥ ಕೆಲಸ ಮಾಡಿ ತೋರಿಸಿರಬೇಕು. ಅಂದ ಮೇಲೆ ಮೊದಲ ಮೂರು ವರ್ಷ ಬಯಲು ಮೈದಾನವನ್ನು ನಿಮ್ಮದೇ ಹಣದಲ್ಲಿ ನಡೆಸುವುದು ಹೇಗೂ ತಪ್ಪಿದ್ದಲ್ಲ. ಸಂಘಗಳ ನೋಂದಣಿ ಕಾಯ್ದೆಯಡಿ ಪ್ರತಿ ವರ್ಷ ಸಲ್ಲಿಸಬೇಕಾದ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರಗಳನ್ನು ಬಾಕಿ ಉಳಿಸಿಕೊಳ್ಳಬೇಡಿ.

ನಿಮ್ಮ ದಾನಿಗಳನ್ನು ಕಳೆದುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಅವರ ಮನೆಗೆ ಹೋಗಿ, ಕೊಡುವ ಹಣದಲ್ಲಿ ಅರ್ಧವನ್ನು ಸಂಘದ ಮೂಲನಿಧಿಗೆ ಕೊಡುವಂತೆ ಕೇಳಿ. ಅದು ಮೂಲನಿಧಿಗೇ ಸೇರಬೇಕೆಂದು ಅವರಿಂದ ಕಾಗದದಲ್ಲಿ ಬರೆಸಿಕೊಳ್ಳಿ, ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬಡ್ಡಿಯನ್ನು ಮಾತ್ರ ಕಾವಲಿಗೂ ರಿಪೇರಿಗೂ ಬಳಸಿ. ಅವರ ತಂದೆತಾಯಿಯ ಹೆಸರನ್ನು ಮೈದಾನದ ಬಾಗಿಲಿಗೇ ಬರೆಸಿ. ಅವರು ಇದಕ್ಕೆ ಒಪ್ಪದೆ ಕಟ್ಟಡವನ್ನಷ್ಟೇ ಕೊಡುತ್ತೇನೆಂದರೆ, ಕೈಮುಗಿದು ಈಗ ಬೇಡವೆನ್ನಿ.